ಹೊಲದ ಸೋಲಾರ್ ಪ್ಯಾನಲ್: ಕೈಗೆಟುಕುವ ವೈರ್‌ಗೆ ಕಾವಲು ಹಾಕುವುದು ಹೇಗೆ?

ತಾರಸಿ ಮೇಲಿನ ಪ್ಯಾನಲಿನ ಹಿಂಬದಿಗೆ ಸಾಮಾನ್ಯವಾಗಿ ಯಾರ ಕೈಯೂ ಹೋಗುವುದಿಲ್ಲ. ಕೊಳವೆಬಾವಿ ಪಕ್ಕ ನೆಲದ ಮೇಲೆ ನಿಲ್ಲಿಸಿದ ಪ್ಯಾನಲ್ ಹಾಗಲ್ಲ. ಅದರ ಕೆಳ ಅಂಚು ಮೊಣಕಾಲಿಗೋ ಸೊಂಟಕ್ಕೋ ಬರುತ್ತದೆ, ಜೋತುಬಿದ್ದ ವೈರು ಮಕ್ಕಳ ಕೈಗೂ ಮೇಕೆಯ ಬಾಯಿಗೂ ಸಿಗುತ್ತದೆ. ನೆರಳಿದೆ ಎಂದು ಅದರ ಕೆಳಗೇ ಬುತ್ತಿ ಬಿಚ್ಚುವವರಿದ್ದಾರೆ, ಗೊಬ್ಬರದ ಚೀಲ ಪೇರಿಸಿಡುವವರೂ ಇದ್ದಾರೆ.

5 ಎಚ್‌ಪಿ ಪಂಪಿನ ಲೆಕ್ಕ ಹಿಡಿಯೋಣ. 540 ವ್ಯಾಟಿನ 9 ಪ್ಯಾನಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ, ಒಂದೊಂದಕ್ಕೆ ಸುಮಾರು 49 ವೋಲ್ಟ್‌ನಂತೆ ಒಟ್ಟು 440 ವೋಲ್ಟ್ ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟ್). ಒಣ ಜಾಗದಲ್ಲಿ ಡಿಸಿಗೆ ಹಿಡಿಯುವ ಸುರಕ್ಷಿತ ಮಿತಿಯೇ 120 ವೋಲ್ಟ್. ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಅಷ್ಟೂ ಹೆಚ್ಚು. ಮೋಡ ಕವಿದ ದಿನ ಪಂಪು ಓಡದೇ ಇರಬಹುದು, ವೋಲ್ಟೇಜ್ ಮಾತ್ರ ಬಹುತೇಕ ಪೂರ್ತಿ ಇರುತ್ತದೆ.

ಮನೆಯಲ್ಲಿ ಶಾರ್ಟ್ ಆದರೆ ಎಂಸಿಬಿ ಬೀಳುತ್ತದೆ. ಇಲ್ಲಿ ಆ ಭರವಸೆ ಇಲ್ಲ. ಈ ಪ್ಯಾನಲ್ ಪಂಪು ಓಡಿಸುವಾಗ ಕೊಡುವುದು 13 ಆಂಪಿಯರ್. ಪೂರ್ತಿ ಶಾರ್ಟ್ ಮಾಡಿದರೂ 14 ದಾಟುವುದಿಲ್ಲ. ಫ್ಯೂಸಿಗೆ ಎರಡೂ ಒಂದೇ. ಡಿಸಿ ಸ್ವಿಚ್ ಆಫ್ ಮಾಡಿದರೆ ಸತ್ತುಹೋಗುವುದು ಸ್ವಿಚ್ಚಿನಿಂದ ಕಂಟ್ರೋಲರ್ (ಪಂಪು ನಡೆಸುವ ಪೆಟ್ಟಿಗೆ) ಕಡೆಗಿನ ವೈರು ಮಾತ್ರ. ಪ್ಯಾನಲ್ ಕಡೆಯದು ಬಿಸಿಲಿರುವವರೆಗೆ ಜೀವಂತ. ಹಾಗಾಗಿ ವೈರ್‌ಗೂ ಮನುಷ್ಯನಿಗೂ ನಡುವೆ ಗಟ್ಟಿ ತಡೆ ಹಾಕುವುದೇ ಇಲ್ಲಿನ ಮುಖ್ಯ ರಕ್ಷಣೆ.

ಮುಟ್ಟುವ ಮೊದಲು

ಮೊದಲ ಸುತ್ತು ಕಣ್ಣಿನಲ್ಲೇ ಆಗಲಿ. ಜೋತುಬಿದ್ದ ಕೇಬಲ್, ತುಕ್ಕು ಹಿಡಿದ ಸ್ಟ್ರಕ್ಚರಿನ (ಪ್ಯಾನಲ್ ಹೊತ್ತ ಕಬ್ಬಿಣದ ಚೌಕಟ್ಟಿನ) ಅಂಚಿಗೆ ಉಜ್ಜಿದ ಗುರುತು, ಇಲಿ ಕಡಿದ ಜಾಗ, ಕಂದುಗಟ್ಟಿದ ಕನೆಕ್ಟರ್, ಒಡೆದ ಗಾಜು ಇವನ್ನು ಬರೆದಿಟ್ಟುಕೊಳ್ಳಿ. ತಾಮ್ರ ಕಾಣುತ್ತಿದ್ದರೆ ಆ ಕಡೆ ಯಾರೂ ಸುಳಿಯದಂತೆ ಮಾಡಿ ತಂತ್ರಜ್ಞರನ್ನು ಕರೆಸಿ. ಕೇಂದ್ರ ಸರ್ಕಾರದ ಸೋಲಾರ್ ಪಂಪ್ ಸಹಾಯಧನ ಯೋಜನೆಯಾದ ಪಿಎಂ ಕುಸುಮ್‌ನ ಪಂಪಾದರೆ 5 ವರ್ಷದ ನಿರ್ವಹಣೆ ಸರಬರಾಜು ಮಾಡಿದ ಕಂಪನಿಯದೇ ಜವಾಬ್ದಾರಿ. ಕನೆಕ್ಟರ್ ಬಿಚ್ಚುವ ಕೆಲಸವನ್ನೆಲ್ಲ ಅವರಿಂದಲೇ ಮಾಡಿಸಿ. ಕಟ್ಟುವುದು, ಜಾಲರಿ ಹಾಕುವುದು, ಬೇಲಿ ಹಾಕುವುದು ರೈತರೇ ಮಾಡಬಹುದಾದ ಕೆಲಸ.

ಕೆಲಸಕ್ಕೆ ಇಳಿಯುವಾಗ ಕ್ರಮ ತಪ್ಪಬಾರದು: ಮೊದಲು ಕಂಟ್ರೋಲರಿನಲ್ಲಿ ಪಂಪು ನಿಲ್ಲಿಸಿ, ಆಮೇಲೆ ಡಿಸಿ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ. ಕಂಟ್ರೋಲರಿನೊಳಗೆ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಖಾಲಿಯಾಗಲು ಸಮಯ ಬೇಕು. ಅದರ ಮೇಲೆ ಬರೆದಷ್ಟು ನಿಮಿಷ ಕಾಯಿರಿ, ಬರೆದಿರದಿದ್ದರೆ 10 ನಿಮಿಷ. ಪಂಪು ಓಡುತ್ತಿರುವಾಗ ಎಂಸಿ4 ಕನೆಕ್ಟರ್ (ಪ್ಯಾನಲ್ ವೈರುಗಳನ್ನು ಜೋಡಿಸುವ ಪ್ಲಗ್) ಎಳೆದರೆ ಬಾಯಲ್ಲಿ ಕಿಡಿ ನಿಲ್ಲುತ್ತದೆ. ಎಸಿ ಕಿಡಿ ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಬಂದು ಆರಲು ಅವಕಾಶ ಕೊಡುತ್ತದೆ, ಡಿಸಿ ಕಿಡಿ ಕೊಡುವುದಿಲ್ಲ. ಪ್ಲಾಸ್ಟಿಕ್ ಕರಗಿಸಿ ಕೈಯನ್ನೂ ಸುಡುತ್ತದೆ. ವೈರು ಮುಟ್ಟುವ ಕೆಲಸಕ್ಕೆ ಸೂರ್ಯ ಮುಳುಗಿ ಪೂರ್ತಿ ಕತ್ತಲಾದ ಮೇಲಿನ ಹೊತ್ತೇ ಉತ್ತಮ.

ವೈರು ಮೇಲಕ್ಕೆ ಕಟ್ಟಿ

ಪ್ಯಾನಲಿನ ಫ್ರೇಮಿಗೆ ಸಿಕ್ಕಿಸುವ ಸ್ಟೇನ್‌ಲೆಸ್ ಸ್ಟೀಲ್ ಕ್ಲಿಪ್ಪನ್ನು 30 ಸೆಂ.ಮೀ.ಗೆ ಒಂದರಂತೆ ಹಾಕಿ. ಒಂದು ಸಾಲಿಗೆ 70–80 ಕ್ಲಿಪ್ ಸಾಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಿಳಿ ಪ್ಲಾಸ್ಟಿಕ್ ಟ್ಯಾಗ್ ಬೇಡ, ನಮ್ಮ ಬಯಲುಸೀಮೆ ಬಿಸಿಲಿಗೆ ಒಂದೆರಡು ವರ್ಷದಲ್ಲಿ ಪುಡಿಯಾಗುತ್ತದೆ. ಎಷ್ಟೋ ಕಡೆ ವೈರು ಜೋತುಬಿದ್ದಿರುವುದು ಇದೊಂದೇ ಕಾರಣಕ್ಕೆ.

ಕನೆಕ್ಟರಿನಿಂದ ಹೊರಬಂದ ಕೇಬಲ್ ಮೊದಲ 5 ಸೆಂ.ಮೀ. ನೇರವಾಗಿರಬೇಕು, ಅಲ್ಲೇ ಮಡಚಿದರೆ ರಬ್ಬರ್ ಸೀಲ್ ಬಿಟ್ಟುಕೊಂಡು ನೀರು ಇಳಿಯುತ್ತದೆ. ಪ್ಲಸ್ ಮತ್ತು ಮೈನಸ್ ಕೇಬಲ್‌ಗಳನ್ನು ಒಂದೇ ದಾರಿಯಲ್ಲಿ ಜೊತೆಯಾಗಿ ಒಯ್ಯಿರಿ. ನಡುವೆ ದೊಡ್ಡ ಬಳೆಯಂತೆ ಜಾಗ ಬಿಟ್ಟರೆ, ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಾಗ ಅದರಲ್ಲಿ ಹೆಚ್ಚು ವೋಲ್ಟೇಜ್ ಹುಟ್ಟಿ ಕಂಟ್ರೋಲರ್ ಸುಡುತ್ತದೆ.

ಬದಲಿಸುವ ಕೇಬಲ್ ಸೋಲಾರ್ ಡಿಸಿ ಕೇಬಲ್ಲೇ ಆಗಬೇಕು: 4 ಅಥವಾ 6 ಚದರ ಮಿ.ಮೀ., 1,500 ವೋಲ್ಟ್ ಡಿಸಿ, ಐಎಸ್ 17293 (ಸೋಲಾರ್ ಕೇಬಲ್‌ನ ಭಾರತೀಯ ಮಾನದಂಡ) ಎಂದು ಮೈಮೇಲೆ ಅಚ್ಚಾಗಿರಬೇಕು. ಮನೆ ವೈರಿಂಗಿನ ಪಿವಿಸಿ ತಂತಿಯನ್ನು ಬಿಸಿಲಿಗೆ ಬಿಟ್ಟರೆ ಬಿರುಕು ಬಿಡುತ್ತದೆ. ಎಂಸಿ4 ಜೋಡಿ ಎರಡೂ ಕಡೆ ಒಂದೇ ಕಂಪನಿಯದಿರಲಿ. ಬೇರೆ ಬೇರೆಯವು ಕೂತಂತೆ ಕಂಡರೂ ಒಳಗೆ ಬಿಗಿ ಸಾಲದೆ ಬಿಸಿಯಾಗುತ್ತವೆ. ಜೋಡಿಸಿ ಇನ್ಸುಲೇಷನ್ ಟೇಪ್ ಸುತ್ತಿದ್ದು ಕಂಡರಂತೂ ಅದನ್ನು ಕೆಟ್ಟದ್ದೆಂದೇ ಲೆಕ್ಕಿಸಿ.

ಹಿಂಬದಿಗೆ ಜಾಲರಿ

9 ಪ್ಯಾನಲ್‌ಗಳ ಸಾಲು ಸುಮಾರು 10.5 ಮೀ. ಉದ್ದ, 2.3 ಮೀ. ಅಗಲ. 1.2 ಮೀ. ಅಗಲದ, ಬಿಸಿ ಸತು ಲೇಪದ ವೆಲ್ಡ್ ಜಾಲರಿ 22 ಮೀಟರ್ ತಂದರೆ ಎರಡು ಪಟ್ಟಿ ಬರುತ್ತವೆ. ಕಣ್ಣು 12 ಮಿ.ಮೀ. ಇರಲಿ, 25 ಮಿ.ಮೀ. ಕಣ್ಣಿನಲ್ಲಿ ಇಲಿಮರಿ ನುಸುಳಿ, ಪ್ಯಾನಲ್ ಬೆನ್ನ ಬಿಸಿಗೆ ಗೂಡು ಕಟ್ಟುತ್ತದೆ.

ಜಾಲರಿಯನ್ನು ಸ್ಟ್ರಕ್ಚರಿನ ಅಡ್ಡಪಟ್ಟಿಗಳ ಕೆಳಮೈಗೆ ಯು-ಕ್ಲಾಂಪಿನಲ್ಲಿ ಬಿಗಿಯಿರಿ. ಪ್ಯಾನಲ್ ಫ್ರೇಮಿಗೆ ಡ್ರಿಲ್ ಮಾಡಿದರೆ ವಾರಂಟಿ ಹೋಗುತ್ತದೆ. ಅಡ್ಡಪಟ್ಟಿಗೂ ಸ್ಕ್ರೂ ಬೇಡ, ಅದರ ಮೊನೆ ಆಚೆ ಬದಿಯ ಕೇಬಲ್ ಚುಚ್ಚಿದ ಉದಾಹರಣೆಗಳಿವೆ. ಕತ್ತರಿಸಿದ ಅಂಚನ್ನು ಹೊರಕ್ಕೆ ಮಡಚಿ. ಕೇಬಲ್ ಜಾಲರಿಯಿಂದ ಕನಿಷ್ಠ 5 ಸೆಂ.ಮೀ. ಮೇಲಿರಲಿ, ಆಗ ಮಗುವಿನ ಬೆರಳು ತೂರಿದರೂ ತಾಗುವುದಿಲ್ಲ. ಜಾಲರಿ ಲೋಹದ್ದಾದ್ದರಿಂದ ಎರಡು ಕಡೆ ಸ್ಟ್ರಕ್ಚರಿನ ಅರ್ತಿಂಗಿಗೆ ಜೋಡಿಸಲೇಬೇಕು. ಇಲ್ಲವಾದರೆ ವೈರು ತಾಗಿದ ದಿನ ತಡೆಯೇ ಶಾಕ್ ಕೊಡುತ್ತದೆ. ತಗಡು, ಟಾರ್ಪಾಲಿನ್ ಹೊದಿಸುವ ಯೋಚನೆ ಬಿಡಿ: ಗಾಳಿ ನಿಂತು ಪ್ಯಾನಲ್ ಬಿಸಿಯಾದರೆ ಪಂಪಿನ ನೀರು ಕಡಿಮೆಯಾಗುತ್ತದೆ.

ಸ್ಟ್ರಕ್ಚರಿನಿಂದ ನೆಲಕ್ಕೆ ಇಳಿಯುವ ಕೇಬಲ್ ಬರಿಮೈಯಲ್ಲಿ ಇರಬಾರದು. ಎಚ್‌ಡಿಪಿಇ ಪೈಪಿನಲ್ಲಿ ಇಳಿಸಿ, ಬಾಯಿಗೆ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯುವ ಮುಚ್ಚಳ) ಹಾಕಿ ಅಥವಾ ಫೋಮ್ ತುಂಬಿ. ಸಿಮೆಂಟ್ ಮೆತ್ತಿದರೆ ಮುಂದೆ ಕೇಬಲ್ ಬದಲಿಸಲಾಗದು. ಕಂಟ್ರೋಲರ್‌ವರೆಗೆ ಕೇಬಲ್ ಹೂಳುವ ಕಾಲುವೆ ಉಳುಮೆ ಭೂಮಿಯಲ್ಲಿ 75 ಸೆಂ.ಮೀ. ಆಳ ಬೇಕು: ಕೆಳಗೂ ಮೇಲೂ ಮರಳು, ಅದರ ಮೇಲೆ ಇಟ್ಟಿಗೆ, ನೆಲದಿಂದ 30 ಸೆಂ.ಮೀ. ಕೆಳಗೆ ಎಚ್ಚರಿಕೆ ಟೇಪ್. ನೇಗಿಲಿಗೆ ಮೊದಲು ಟೇಪ್ ಸಿಕ್ಕರೆ ಕೇಬಲ್ ಉಳಿಯುತ್ತದೆ.

ಬೇಲಿ

6 ಅಡಿ ಎತ್ತರದ ಚೈನ್‌ಲಿಂಕ್, ಬೀಗದ ಗೇಟ್. ಪ್ಯಾನಲ್ ತೊಳೆಯುವವರು ಓಡಾಡಲು ಹಿಂಬದಿಯಲ್ಲಿ 1 ಮೀ. ಸಾಕು. ದಕ್ಷಿಣ, ಪೂರ್ವ, ಪಶ್ಚಿಮಕ್ಕೆ 2 ಮೀ. ಬಿಡಿ, ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಬೆಳಗಿನ 9ರ ನೆರಳು ಪ್ಯಾನಲಿನ ಕೆಳ ಅಂಚಿಗೆ ಬೀಳಬಾರದು. ಸಾಲಿನ ಒಂದು ಪ್ಯಾನಲಿಗೆ ನೆರಳು ಬಿದ್ದರೂ ಪಂಪು ನಿಧಾನವಾಗುತ್ತದೆ. ಬೇಲಿ ಇದ್ದರೆ ಜಾಲರಿ ಬೇಡವೇ ಎಂದು ಕೇಳುವವರಿದ್ದಾರೆ. ಮೇಕೆಯನ್ನು ಬೇಲಿ ತಡೆಯುತ್ತದೆ, ಇಲಿಯನ್ನಾಗಲಿ ಒಳಗೆ ಕೆಲಸ ಮಾಡುವವರ ಕೈಯನ್ನಾಗಲಿ ತಡೆಯುವುದಿಲ್ಲ. ದುಡ್ಡು ಒಂದಕ್ಕೇ ಇದ್ದರೆ ಜಾಲರಿ ಮೊದಲು.

ಗೇಟಿನ ಮೇಲೆ ಬರೀ ‘ಅಪಾಯ’ ಎಂದು ಬರೆದರೆ ಸಾಲದು. ‘ಸ್ವಿಚ್ ಆಫ್ ಇದ್ದರೂ ಹಗಲಿನಲ್ಲಿ ಪ್ಯಾನಲ್ ವೈರಿನಲ್ಲಿ ಕರೆಂಟ್ ಇರುತ್ತದೆ’ ಎಂದು ದಪ್ಪಕ್ಷರದಲ್ಲಿ ಬರೆಸಿ.

ಸೋರಿಕೆ ಎಲ್ಲಿದೆ? ಮೀಟರ್ ಹೇಳುತ್ತದೆ

ಈ ಪರೀಕ್ಷೆ ಬಿಸಿಲಿನಲ್ಲಿ, ಜೀವಂತ ಟರ್ಮಿನಲ್ ಮೇಲೆ ನಡೆಯುವಂಥದ್ದು, ತಂತ್ರಜ್ಞರಿಗೆ ಮಾತ್ರ. ಮಾಡಿಸುವಾಗ ಪಕ್ಕದಲ್ಲಿ ನಿಂತು ಲೆಕ್ಕ ಕೇಳಿ. ಡಿಸಿ ಸ್ವಿಚ್ ಆಫ್ ಮಾಡಿ, ಸರ್ಜ್ ಪ್ರೊಟೆಕ್ಟರಿನ (ಸಿಡಿಲಿನ ವೋಲ್ಟೇಜ್ ತಡೆಯುವ ಸಾಧನದ) ಕಾರ್ಟ್ರಿಜ್ ತೆಗೆದು, 1,000 ವೋಲ್ಟ್ ಡಿಸಿ ತಾಳುವ ಮಲ್ಟಿಮೀಟರಿನಲ್ಲಿ ಪ್ಯಾನಲ್ ಕಡೆಯ ಪ್ಲಸ್‌ನಿಂದ ಅರ್ತಿಗೆ, ಆಮೇಲೆ ಮೈನಸ್‌ನಿಂದ ಅರ್ತಿಗೆ ಅಳೆಯಬೇಕು. ವೈರು ಚೆನ್ನಾಗಿದ್ದರೆ ಎರಡೂ ಅಂಕಿ ಸೊನ್ನೆಯತ್ತ ಇಳಿಯುತ್ತವೆ. ಅಲುಗದೆ ನಿಂತರೆ ಎಲ್ಲೋ ತಾಮ್ರ ಲೋಹಕ್ಕೆ ತಾಗಿದೆ. ಪ್ಲಸ್‌ಗೆ 147, ಮೈನಸ್‌ಗೆ 294 ಬಂತು ಎನ್ನಿ. 147ನ್ನು 49ರಿಂದ ಭಾಗಿಸಿದರೆ 3: ಪ್ಲಸ್ ತುದಿಯಿಂದ ಎಣಿಸಿ ಮೂರನೇ ಮತ್ತು ನಾಲ್ಕನೇ ಪ್ಯಾನಲ್‌ಗಳ ನಡುವಿನ ಕೇಬಲ್ ನೋಡಿ. ಇಂಥ ಒಂದು ಸೋರಿಕೆಯಿಂದ ಪಂಪು ನಿಲ್ಲುವುದಿಲ್ಲ, ಅದಕ್ಕೇ ಯಾರ ಗಮನಕ್ಕೂ ಬರುವುದಿಲ್ಲ. ಆಮೇಲೆ ಇನ್ನೊಂದು ಕಡೆ ತಾಮ್ರ ಮುಟ್ಟಿದವರ ಮೈಯೇ ಸರ್ಕ್ಯೂಟ್ ಪೂರ್ತಿ ಮಾಡುತ್ತದೆ.

ರಿಪೇರಿಯಾದ ಮೇಲೆ, ಕಂಟ್ರೋಲರ್ ಬೇರ್ಪಡಿಸಿ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿದಾಗ 1 ಮೆಗಾಓಮಿಗಿಂತ ಕಡಿಮೆ ಬರಬಾರದು. ಅರ್ತ್ ಗುಂಡಿಯದು 5 ಓಮಿನೊಳಗಿರಲಿ.

ಮುಂಗಾರಿಗೆ ಮೊದಲೊಮ್ಮೆ, ಸುಗ್ಗಿ ಮುಗಿದು ಇಲಿಗಳು ಹೊಲ ಬಿಟ್ಟು ಬರುವ ಹೊತ್ತಿಗೊಮ್ಮೆ ಈ ತಪಾಸಣೆಯ ಸುತ್ತು ಹಾಕಿ. ಯಾರಿಗಾದರೂ ಶಾಕ್ ತಗುಲಿ ಅಂಟಿಕೊಂಡಿದ್ದರೆ ಸ್ವಿಚ್ ಕಡೆ ಓಡಿ ಸಮಯ ಕಳೆಯಬೇಡಿ. ಒಣ ಕಟ್ಟಿಗೆಯಿಂದ ಅವರನ್ನು ವೈರಿನಿಂದ ಬಿಡಿಸಿ, 108ಕ್ಕೆ ಕರೆ ಮಾಡಿ. ಉಸಿರಿಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೂ ಎದೆಯ ನಡುವೆ ಬಲವಾಗಿ, ನಿಮಿಷಕ್ಕೆ 100–120 ಬಾರಿ ಒತ್ತುತ್ತಿರಿ.