ನೌಕರಿ, ಮನೆ, ಎಂ.ಎ. ಓದು: ಬರವಣಿಗೆ ಬದಿಗಿಟ್ಟು ಹೊತ್ತು ಹೊಂದಿಸಿದ್ದು ಹೀಗೆ

ತೊಂದರೆ ಇಷ್ಟೇ: ನೌಕರಿ, ಮನೆಯ ಜೊತೆಗೆ ವಾರಕ್ಕೆ ಎರಡು ಲೇಖನ ಬರೆಯುತ್ತಿದ್ದೆ; ರಾತ್ರಿ ಹತ್ತಕ್ಕೆ ಮುಕ್ತ ವಿವಿಯ ಪುಸ್ತಕ ತೆರೆದರೆ ಒಂದೇ ಪುಟ ಮೂರು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಅಸೈನ್‌ಮೆಂಟೂ ಬಾಕಿ.

ಕೈಕೊಟ್ಟ ಉಪಾಯಗಳು: ಭಾನುವಾರ ಇಡೀ ದಿನ ಓದುವುದು (ನೆಂಟರು, ಮದುವೆ, ಗೃಹಪ್ರವೇಶ ಬಿಟ್ಟರೆ ತಾನೇ!), ನಾಲ್ಕಕ್ಕೆ ಅಲಾರಂ, ವಾರಕ್ಕೆ ಎರಡರ ಬದಲು ಒಂದೇ ಲೇಖನ. ಈ ಕೊನೆಯದು ಬರೀ ಮೋಸ. ಬರೆಯುವುದು ಒಂದಾದರೂ ವಿಷಯ ಹುಡುಕುವ ತಲೆ ವಾರವಿಡೀ ಓಡುತ್ತಲೇ ಇರುತ್ತದೆ.

ಫಲ ಕೊಟ್ಟ ಕ್ರಮ: ಮೊದಲು ಮಲಗುವ ಹೊತ್ತು ಬದಲಿಸಬೇಕು, ಏಳುವ ಹೊತ್ತು ಆಮೇಲೆ. ಆಂಡ್ರಾಯ್ಡ್ ಫೋನಿನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ (ಫೋನ್ ಬಳಕೆ ಹತೋಟಿಯಲ್ಲಿಡುವ ಸೆಟ್ಟಿಂಗ್) ಬೆಡ್‌ಟೈಮ್ ಮೋಡ್, ಅಂದರೆ ಮಲಗುವ ಹೊತ್ತಿಗೆ ಫೋನಿನ ಸದ್ದಡಗಿಸುವ ವ್ಯವಸ್ಥೆ, ರಾತ್ರಿ 9:45ರಿಂದ ಬೆಳಿಗ್ಗೆ 6:30. ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ. ಏಳಲು ಬೇರೆ ಗಡಿಯಾರ. ಮೊದಲ ವಾರ ಇಷ್ಟೇ. ಎರಡನೇ ವಾರದಿಂದ 5:10ಕ್ಕೆ ಎದ್ದು 5:20ರಿಂದ 6:30ರವರೆಗೆ ಓದು, ಸೋಮವಾರದಿಂದ ಶುಕ್ರವಾರ, ಒಟ್ಟು 350 ನಿಮಿಷ. ಪುಸ್ತಕವನ್ನು ರಾತ್ರಿಯೇ ಆಯಾ ಪುಟಕ್ಕೆ ತೆರೆದು ಮೇಲೆ ಪೆನ್ನು ಇಟ್ಟಿರಬೇಕು. ಬೆಳಿಗ್ಗೆ ಹುಡುಕಲು ಹೊರಟರೆ ಹತ್ತು ನಿಮಿಷ ಹೋಯಿತು. ವಾರದಲ್ಲಿ ತಪ್ಪಿದ ಓದಿಗೆ ಶನಿವಾರ, ಮನೆಯವರಿಗೆ ಭಾನುವಾರ. ಬರವಣಿಗೆ ಪರೀಕ್ಷೆ ಮುಗಿಯುವವರೆಗೆ ಪೂರ್ತಿ ಬಂದ್; ಏನಾದರೂ ಹೊಳೆದರೆ ಚೀಟಿಯಲ್ಲಿ ಒಂದೇ ಸಾಲು ಗೀಚಿ ಡಬ್ಬಿಗೆ ಹಾಕುವುದು.