ಮನೆ ಮುಂದೆ ಮರಳು-ನೀರಿನ ಆಟ: ಏನು ತರಬೇಕು, ಎಲ್ಲಿ ಹುಷಾರಾಗಿರಬೇಕು

ಬೀದಿಯಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಸುತ್ತಲಿನ ಮಕ್ಕಳೆಲ್ಲ ಸಂಜೆ ಆ ಮರಳು ರಾಶಿ ಮೇಲೇ ಇರುತ್ತಿದ್ದರು. ಈಗಲೂ ರಾಶಿ ಬೀಳುತ್ತದೆ. ಆದರೆ ಹೆಚ್ಚಿನ ಕಡೆ ಅದು ಹೊಳೆ ಮರಳಲ್ಲ, ಎಂ-ಸ್ಯಾಂಡ್. ಕಲ್ಲು ಪುಡಿ ಮಾಡಿ ತಯಾರಿಸಿದ್ದು. ಮಕ್ಕಳ ಆಟಕ್ಕೆ ಅದು ಬೇಡವೇ ಬೇಡ. ಕಾಳು ಮೊನಚಾಗಿರುತ್ತದೆ, ಕೈ ತರಚುತ್ತದೆ, ಒಣಗಿದಾಗ ಏಳುವ ಬೂದು ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಪ್ಲಾಸ್ಟರಿಂಗ್‌ಗೆ ಬಳಸುವ ಪಿ-ಸ್ಯಾಂಡ್ ನೋಡಲು ನುಣ್ಣಗಿದ್ದು ಮಕ್ಕಳಿಗೆ ಸರಿ ಅನ್ನಿಸುತ್ತದೆ. ಅದೂ ಅದೇ ಕಲ್ಲಿನ ಪುಡಿ.

ಬೇಕಿರುವುದು ತೊಳೆದ ಹೊಳೆ ಮರಳು. ಕಟ್ಟಡ ಸಾಮಾನಿನ ಅಂಗಡಿಯಲ್ಲಿ ಲೋಡ್ ಲೆಕ್ಕ ಬಿಟ್ಟು ಚೀಲದ ಲೆಕ್ಕದಲ್ಲಿ ಕೇಳಿ. ಸಿಗದಿದ್ದರೆ ಅಕ್ವೇರಿಯಂ ಅಂಗಡಿಯವರ ಹತ್ತಿರ ತೊಳೆದ ಮರಳು ಇರುತ್ತದೆ, ಬೆಲೆ ಮಾತ್ರ ಜಾಸ್ತಿ. ಎಷ್ಟು ಬೇಕು? ಎರಡು ಅಡಿ ಉದ್ದ, ಎರಡು ಅಡಿ ಅಗಲದ ಟಬ್ಬಿಗೆ ಅರ್ಧ ಅಡಿ ಎತ್ತರ ತುಂಬಲು ಸುಮಾರು 90 ಕೆಜಿ ಹಿಡಿಯುತ್ತದೆ. ಸಿಮೆಂಟ್ ಚೀಲದಲ್ಲಿ ಎರಡಕ್ಕೂ ಕಡಿಮೆ. ಮರಳು ನೋಡುವುದಕ್ಕಿಂತ ತುಂಬಾ ಭಾರ, ಒಬ್ಬರೇ ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ.

ತಂದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ. ಗಾಜಿನ ಬಾಟಲಿಗೆ ಅರ್ಧ ಮರಳು, ಮೇಲೆ ನೀರು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಅಲ್ಲಾಡಿಸಿ ಸುಮ್ನೆ ಇಟ್ಟುಬಿಡಿ. ಮರಳು ಕ್ಷಣದಲ್ಲೇ ತಳ ಸೇರುತ್ತದೆ. ಜೇಡಿಮಣ್ಣು ನಿಧಾನಕ್ಕೆ ಇಳಿದು ಅದರ ಮೇಲೆ ಬೇರೆಯೇ ಪದರವಾಗಿ ಕೂರುತ್ತದೆ. ಒಂದೆರಡು ಗಂಟೆ ಬಿಟ್ಟು ನೋಡಿ. ಪದರ ತೆಳ್ಳಗಿದ್ದರೆ ಸರಿ. ಬೆರಳು ದಪ್ಪ ಕಂಡರೆ ಬಾಂಡ್ಲಿಯಲ್ಲಿ ಹಾಕಿ ಕಲಕಿ, ಕೆಸರು ನೀರು ಬಗ್ಗಿಸಿ, ತಿಳಿಯಾಗುವವರೆಗೆ ತೊಳೆಯಿರಿ. ಆಮೇಲೆ ಟಾರ್ಪಾಲಿನ ಮೇಲೆ ಹರಡಿ ಎರಡು ದಿನ ಬಿಸಿಲಿಗೆ ಒಣಗಿಸಿ, ಜರಡಿ ಹಿಡಿಯಿರಿ. ಗಾಜಿನ ಚೂರು, ಮೊಳೆ, ಶಂಖದ ಹುಳದ ಚಿಪ್ಪು, ಸಣ್ಣ ಕಲ್ಲು ಎಲ್ಲ ಜರಡಿಯಲ್ಲಿ ಉಳಿಯುತ್ತವೆ. ಮೂರು ವರ್ಷದೊಳಗಿನ ಮಗು ಇದ್ದರೆ ಆ ಸಣ್ಣ ಕಲ್ಲುಗಳೇ ಮೊದಲ ಅಪಾಯ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಕಾಂಪೌಂಡಿನೊಳಗೆ ಮಣ್ಣಿನ ಜಾಗ ಇದ್ದರೆ ಮೂರು ಅಡಿ ಚೌಕದ ಗುಂಡಿ ಸಾಕು. ಮುಕ್ಕಾಲು ಅಡಿ ತೋಡಿ, ತಳಕ್ಕೆ ಒಂದು ಪದರ ಜಲ್ಲಿ, ಅದರ ಮೇಲೆ ಹಳೆಯ ಶೇಡ್ ನೆಟ್ ಎರಡು ಮಡಿಕೆ ಹಾಸಿ, ಸುತ್ತ ಇಟ್ಟಿಗೆ ಎರಡು ಸಾಲು ಕಟ್ಟಿ, ಆಮೇಲೆ ಮರಳು ತುಂಬಿ. ಐದು ಚೀಲ ಬೇಕಾಗುತ್ತದೆ. ಜಲ್ಲಿ ಇಲ್ಲದಿದ್ದರೆ ಮೊದಲ ಮಳೆಗೇ ನೀರು ನಿಂತು ಕೊಳೆತ ವಾಸನೆ ಬರುತ್ತದೆ. ಬಾಡಿಗೆ ಮನೆಯವರು, ಫ್ಲಾಟಿನವರು ಅಗಲದ ಪ್ಲಾಸ್ಟಿಕ್ ಟಬ್ ತಗೊಳ್ಳಿ, ಅಷ್ಟೇ. ತಾರಸಿ ಮೇಲೆ ಟನ್‌ಗಟ್ಟಲೆ ಮರಳು ಸುರಿಯುವ ಯೋಚನೆ ಬಿಡಿ, ಒದ್ದೆಯಾದರೆ ತೂಕ ಇನ್ನೂ ಏರುತ್ತದೆ.

ಮುಚ್ಚಳ ಮರೆಯಬೇಡಿ. ಮರಳು ತೆರೆದಿಡುವುದು ಅಂದರೆ ಬೀದಿ ಬೆಕ್ಕುಗಳಿಗೆ ಶೌಚಾಲಯ ಕಟ್ಟಿಸಿಕೊಟ್ಟ ಹಾಗೆ. ಬೆಕ್ಕು ನಾಯಿಗಳ ಹೇಲಿನಿಂದ ಹುಳದ ಮೊಟ್ಟೆ ಮರಳಿಗೆ ಸೇರಿ ಮಕ್ಕಳ ಬಾಯಿಗೆ ಹೋಗುತ್ತವೆ, ಕೆಲವು ಮೊಟ್ಟೆಯಿಂದ ಹೊರಬಂದ ಮರಿಹುಳಗಳು ಚರ್ಮಕ್ಕೂ ಇಳಿಯುತ್ತವೆ. ಆಟ ಮುಗಿದ ಕೂಡಲೇ ಟಾರ್ಪಾಲು ಹೊದಿಸಿ ನಾಲ್ಕು ಮೂಲೆಗೂ ಇಟ್ಟಿಗೆ ಹೇರಿ. ಮಾರನೇ ದಿನ ಟಾರ್ಪಾಲು ತೆಗೆಯುವಾಗ ಕೈ ಹಾಕುವ ಮುಂಚೆ ಕೋಲಿನಿಂದ ಎತ್ತಿ ನೋಡಿ. ತಂಪು ಜಾಗ ಅಂತ ಚೇಳು, ಹಾವು ಸೇರಿಕೊಂಡಿರಬಹುದು. ವಾರಕ್ಕೊಮ್ಮೆ ಮರಳನ್ನು ಮೇಲೆ ಕೆಳಗೆ ಮಾಡಿ ಬಿಸಿಲು ತೋರಿಸಿ.

ಇನ್ನು ನೀರು. ಪಕ್ಕದಲ್ಲೇ ನಲ್ಲಿ ಬಿಟ್ಟುಕೊಟ್ಟರೆ ಐದು ನಿಮಿಷಕ್ಕೆ ಎಲ್ಲ ಕೆಸರು, ಆಟ ಅಲ್ಲಿಗೇ ಖಲಾಸ್. ನೀರಿನ ಬಕೆಟ್ ನಾಲ್ಕೈದು ಹೆಜ್ಜೆ ದೂರ ಇಡಿ, ಅರ್ಧವೇ ತುಂಬಿಸಿ, ಜೊತೆಗೆ ಒಂದು ಸಣ್ಣ ಲೋಟ ಕೊಡಿ. ಚೆಲ್ಲದ ಹಾಗೆ ಹೊತ್ತು ತರುವುದೇ ಮಗುವಿಗೆ ಅರ್ಧ ಆಟ. ಗೂಡು, ಕೋಟೆ ನಿಲ್ಲಬೇಕಾದರೆ ಎಂಟು ಲೋಟ ಒಣ ಮರಳಿಗೆ ಒಂದು ಲೋಟ ನೀರು ಅಂತ ಇಟ್ಟುಕೊಳ್ಳಿ. ಕಾಳು ಕಾಳಿನ ನಡುವೆ ನೀರು ಸ್ವಲ್ಪವೇ ಇದ್ದಾಗ ಅಂಟಿನ ಕೆಲಸ ಮಾಡುತ್ತದೆ. ಸಂದಿಯೆಲ್ಲ ತುಂಬಿಬಿಟ್ಟರೆ ಹಿಡಿತ ಹೋಗಿ ಕಟ್ಟಿದ್ದು ಹರಿದುಹೋಗುತ್ತದೆ. ಇದನ್ನು ಮಗುವಿಗೆ ಹೇಳಿಕೊಡಬೇಡಿ, ಅದೇ ಕಂಡುಕೊಳ್ಳುತ್ತದೆ.

ಗುಬ್ಬಚ್ಚಿ ಗೂಡು ಮಾತ್ರ ಹೇಳಿಕೊಡಲೇಬೇಕು. ಒದ್ದೆ ಮರಳಿನಲ್ಲಿ ಪಾದ ಇಟ್ಟು, ಮೇಲೆ ಮರಳು ಎಳೆದುಕೊಂಡು, ಅಂಗೈಯಿಂದ ತಟ್ಟಿ ತಟ್ಟಿ ಗಟ್ಟಿ ಮಾಡಿ, ಆಮೇಲೆ ಬೆರಳು ಅಲ್ಲಾಡಿಸದೆ ಮೆಲ್ಲಗೆ ಕಾಲು ಹಿಂದಕ್ಕೆ ಎಳೆಯಬೇಕು. ಮೂರು ವರ್ಷದ ಮಗುವಿಗೆ ಕಾಲು ಮೇಲಕ್ಕೆ ಎತ್ತದೆ ಹಿಂದಕ್ಕೆ ಎಳೆಯುವುದೇ ದೊಡ್ಡ ಕಷ್ಟ. ಸೂರು ಕುಸಿಯುತ್ತದೆ, ಮುಖ ಸಣ್ಣಗಾಗುತ್ತದೆ, ಮತ್ತೆ ಕಾಲು ಇಡುತ್ತದೆ. ಆಗ ನೀವು ಸಹಾಯಕ್ಕೆ ನುಗ್ಗಬೇಡಿ.

ಆಟದ ಸೆಟ್ ಕೊಳ್ಳುವ ಅಗತ್ಯ ನನಗಂತೂ ಕಂಡಿಲ್ಲ. ಆ ಬಣ್ಣದ ಸಲಿಕೆಗಳು ಬೇಗ ಮುರಿದು ಮೂಲೆ ಸೇರುತ್ತವೆ, ಮುರಿದ ತುದಿ ಚುಚ್ಚುತ್ತದೆ ಕೂಡ. ಹಳೇ ಸೌಟು, ತೆಂಗಿನ ಕರಟ, ಎಣ್ಣೆ ಹಾಕುವ ಆಲಿಕೆ, ಟೀ ಸೋಸುವ ಜಾಲರಿ, ತಳಕ್ಕೆ ತೂತು ಹೊಡೆದ ಬಾಟಲಿ ಕೊಡಿ. ಅಟ್ಟದಲ್ಲಿ ಹಳೇ ಪಾವು, ಸೇರು ಇದ್ದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ನಾಲ್ಕು ಪಾವು ಸುರಿದರೆ ಒಂದು ಸೇರು ತುಂಬುತ್ತದೆ ಅನ್ನುವುದು ಕೈಗೇ ಗೊತ್ತಾಗುತ್ತದೆ. ಬಾಳೆಗಿಡ ಕಡಿದಾಗ ಸಿಗುವ ಪಟ್ಟೆ ಕಾಲುವೆಗೆ ಆಗುತ್ತದೆ. ಪಪ್ಪಾಯಿ ಎಲೆಯ ದಂಟು ಒಳಗೆ ಟೊಳ್ಳಿರುವುದರಿಂದ ಪೈಪ್ ಆಗುತ್ತದೆ, ಆದರೆ ಅದರ ಹಾಲು ತುರಿಸುತ್ತದೆ, ಚೆನ್ನಾಗಿ ತೊಳೆದು ಕೊಡಿ. ಸ್ವಲ್ಪ ದೊಡ್ಡ ಮಕ್ಕಳಿದ್ದರೆ ದೊಡ್ಡದೊಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಒಣ ಮರಳಿನಲ್ಲಿ ಎಳೆಯಲು ಹೇಳಿ, ಕಪ್ಪು ಕಬ್ಬಿಣದ ಪುಡಿ ಮೀಸೆ ಮೂಡಿದಂತೆ ಅಂಟಿಕೊಂಡು ಬರುತ್ತದೆ. ಬಟನ್ ಗಾತ್ರದ ಸಣ್ಣ ಅಯಸ್ಕಾಂತ ಮಾತ್ರ ಬೇಡ, ನುಂಗಿದರೆ ಆಸ್ಪತ್ರೆಯೇ ಗತಿ. ಇಬ್ಬರು ಮಕ್ಕಳಿದ್ದರೆ ಎಲ್ಲವೂ ಎರಡೆರಡು ಇರಲಿ. ಹಂಚಿಕೊಂಡು ಆಡಿ ಅಂತ ಎರಡು ವರ್ಷದವರಿಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ.

ಈಗ ಹುಷಾರಾಗಿರಬೇಕಾದ ವಿಷಯ. ಸಣ್ಣ ಮಗು ಮುಳುಗಲು ಎರಡು ಇಂಚು ನೀರು ಸಾಕು. ತಲೆಕೆಳಗಾಗಿ ಬಕೆಟ್ಟಿಗೆ ಬಿದ್ದರೆ ಅದಕ್ಕೆ ಎದ್ದು ಬರಲು ಆಗುವುದಿಲ್ಲ, ಸದ್ದೂ ಬರುವುದಿಲ್ಲ. ಹಾಗಾಗಿ ನೀರಿರುವಷ್ಟು ಹೊತ್ತು ಒಬ್ಬ ದೊಡ್ಡವರು ಕೈಗೆಟಕುವಷ್ಟು ಹತ್ತಿರ ಇರಬೇಕು. ಕಿಟಕಿಯಿಂದ ನೋಡುತ್ತಾ ಒಗ್ಗರಣೆ ಹಾಕುವುದು, ಮೊಬೈಲ್ ಹಿಡಿದು ಕೂರುವುದು ಎರಡೂ ಲೆಕ್ಕಕ್ಕಿಲ್ಲ. ಆಟ ಶುರುವಾಗುವ ಮುಂಚೆ ಸಂಪ್ ಮುಚ್ಚಳ ನೋಡಿ. ಟ್ಯಾಂಕರ್ ಬಂದು ಹೋದ ದಿನ ಅದು ಅರೆಬರೆ ತೆರೆದೇ ಇರುತ್ತದೆ, ಅಲ್ವಾ? ಅದಕ್ಕೊಂದು ಬೀಗ ಹಾಕಿಸಿ. ಬಾವಿ, ಡ್ರಮ್ಮಿಗೂ ಅಷ್ಟೇ.

ಆಟ ಮುಗಿದ ಮೇಲೆ ನೀರು ನಿಲ್ಲಲು ಬಿಡಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ, ಒಂದು ಕರಟದಷ್ಟು ನೀರು ವಾರ ನಿಂತರೂ ಅದಕ್ಕೆ ಸಾಕು. ಉಳಿದದ್ದನ್ನು ಕುಂಡಕ್ಕೆ ಹಾಕಿ, ಪಾತ್ರೆಗಳನ್ನು ಬೋರಲು ಹಾಕಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿದ್ದು ನೆನಪಿರಬಹುದು. ಅಂಥ ದಿನಗಳಲ್ಲೂ ಈ ಆಟಕ್ಕೆ ಅರ್ಧ ಬಕೆಟ್ ಮೇಲೆ ಬೇಡ, ಆ ನೀರೂ ಗಿಡಕ್ಕೇ ಹೋಗುತ್ತದೆ. ಆರ್‌ಒ ಮೆಷಿನ್ನಿನ ವೇಸ್ಟ್ ನೀರು ಮಾತ್ರ ಬೇಡ. ಮಕ್ಕಳು ಆಡುವ ನೀರನ್ನು ಕುಡಿದೇ ಕುಡಿಯುತ್ತಾರೆ.

ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಆಡಿಸಿ, ಮಧ್ಯಾಹ್ನದ ಮರಳು ಅಂಗಾಲು ಸುಡುತ್ತದೆ. ಕಣ್ಣಿಗೆ ಮರಳು ಬಿದ್ದರೆ ಉಜ್ಜಲು ಬಿಡದೆ ಶುದ್ಧ ನೀರು ಸುರಿದು ತೊಳೆಯಿರಿ, ಆಮೇಲೂ ಕಣ್ಣು ಬಿಡದಿದ್ದರೆ ಡಾಕ್ಟರ ಹತ್ತಿರ ಹೋಗಿ. ಒಂದು ಚಿಟಿಕೆ ತಿಂದರೆ ಗಾಬರಿ ಬೇಡ. ದಿನಾ ಹುಡುಕಿಕೊಂಡು ತಿನ್ನುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಅಂಶ ಕಡಿಮೆಯಿದ್ದರೆ ಮಕ್ಕಳು ಹಾಗೆ ಮಾಡುವುದುಂಟು.

ಮೈಗೆ ಅಂಟಿದ ಮರಳನ್ನು ಒದ್ದೆ ಇರುವಾಗ ಉಜ್ಜಬೇಡಿ, ಚರ್ಮ ಕೆಂಪಾಗುತ್ತದೆ. ಸ್ವಲ್ಪ ಹೊತ್ತು ಗಾಳಿಗೆ ಬಿಡಿ, ಒಣಗಿದ ಮೇಲೆ ಒಣ ಟವೆಲಿನಿಂದ ಕೊಡವಿದರೆ ಉದುರುತ್ತದೆ. ಕೈಕಾಲು ತೊಳೆಯುವುದು ಹೊರಗೆ ಬಕೆಟ್ಟಿನಲ್ಲೇ ಆಗಲಿ. ಸೀದಾ ಬಾತ್‌ರೂಮಿಗೆ ಕರೆದುಕೊಂಡು ಹೋದರೆ ಮರಳೆಲ್ಲ ಡ್ರೈನೇಜ್ ಪೈಪಿನಲ್ಲಿ ಕಟ್ಟಿಕೊಂಡು ಪ್ಲಂಬರನ್ನು ಕರೆಸಬೇಕಾಗುತ್ತದೆ. ಬಕೆಟ್ ತಳದಲ್ಲಿ ಕೂತ ಮರಳನ್ನು ಬಗ್ಗಿಸಿ ಟಬ್ಬಿಗೇ ವಾಪಸ್ ಹಾಕಿ.