ಹಳೆ ಗಾಡಿಗೆ ಇ20 ಪೆಟ್ರೋಲ್: ಪೈಪು ತಾಳುತ್ತದೋ ಇಲ್ಲವೋ, ನೀವೇ ನೋಡಿ

ಮಂಡ್ಯದ ಯಾವ ಗ್ಯಾರೇಜಿಗೆ ಹೋದರೂ ಈಗ ಒಂದೇ ಮಾತು: ‘ಎಥೆನಾಲ್ ಬಂದ್ಮೇಲೆ ಪೈಪೇ ನಿಲ್ತಿಲ್ಲ ಸಾರ್.’ ಇದರಲ್ಲಿ ನಿಜ ಎಷ್ಟು, ಪುಕಾರು ಎಷ್ಟು ಅಂತ ತಿಳಿಯಲು ದೊಡ್ಡ ಲ್ಯಾಬ್ ಬೇಕಿಲ್ಲ. ಒಂದು ಅಳತೆ ಜಾಡಿ, ಸ್ಕೇಲು, ಒಂದು ವಾರದ ತಾಳ್ಮೆ ಇದ್ದರೆ ಸಾಕು.

ಇ20 ಅಂದರೆ ನೂರು ಲೀಟರಿನಲ್ಲಿ 20 ಲೀಟರ್ ಎಥೆನಾಲ್, ಅಂದರೆ ಕಬ್ಬು, ಧಾನ್ಯದಿಂದ ತೆಗೆಯುವ ಆಲ್ಕೋಹಾಲ್; ಉಳಿದದ್ದು ಪೆಟ್ರೋಲ್. ಇದು ಮಾರಾಟಕ್ಕೆ ಬಂದದ್ದು 2023ರ ಫೆಬ್ರವರಿಯಲ್ಲಿ. ಆ ವರ್ಷದ ಏಪ್ರಿಲ್‌ನಿಂದ ತಯಾರಾದ ಗಾಡಿಗಳ ರಬ್ಬರ್, ಪ್ಲಾಸ್ಟಿಕ್ ಭಾಗಗಳು ಇದಕ್ಕೆ ಒಗ್ಗುವಂಥವು. ಹಾಗಾಗಿ ಚಿಂತೆ ಇರುವುದು ಅದಕ್ಕಿಂತ ಹಳೆಯ ಗಾಡಿಗಳಿಗೆ ಮಾತ್ರ. ಗದ್ದೆಗೆ ಹೋಗುವ ಹಳೆ ಮೊಪೆಡ್ಡು, ಮೈಸೂರಿನಲ್ಲೇ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಎಲ್ಲ ಈ ಸಾಲಿನವೇ. ಅಂದ ಹಾಗೆ, ಪೆಟ್ರೋಲಿಗೆ ಆಲ್ಕೋಹಾಲ್ ಬೆರೆಸುವುದು ನಿನ್ನೆ ಮೊನ್ನೆಯ ಐಡಿಯಾ ಅಲ್ಲ. ‘ಪವರ್ ಆಲ್ಕೋಹಾಲ್’ ಅಂತಲೇ 1948ರಲ್ಲಿ ಕೇಂದ್ರದ ಕಾಯ್ದೆ ಬಂದಿತ್ತು.

ಮೊದಲು ಎಥೆನಾಲ್ ಎಷ್ಟಿದೆ ನೋಡಿ

ಬಂಕಿನಲ್ಲಿ ಬಾಟಲಿಗೆ ಪೆಟ್ರೋಲ್ ಹಾಕುವುದಿಲ್ಲ. ನಿಮ್ಮ ಗಾಡಿಯ ಪೆಟ್ರೋಲ್ ಕಾಕ್ (ಟ್ಯಾಂಕಿನ ಅಡಿಯ ನಲ್ಲಿ) ಬಂದ್ ಮಾಡಿ, ಪೈಪ್ ಬಿಚ್ಚಿ, ಮತ್ತೆ ಕಾಕ್ ತಿರುಗಿಸಿ ಗಾಜಿನ ಬಾಟಲಿಗೆ ಹಿಡಿದುಕೊಳ್ಳಿ. ಇಂಜಿನ್ ತಣ್ಣಗಿರಲಿ. ಈ ಕೆಲಸವನ್ನೆಲ್ಲ ಬಯಲಿನಲ್ಲೇ ಮಾಡಬೇಕು. ಬೀಡಿ, ಒಲೆ, ಮಕ್ಕಳು ಯಾವುದೂ ಹತ್ತಿರ ಇರಬಾರದು.

100 ಮಿಲಿ ಗಾಜಿನ ಅಳತೆ ಜಾಡಿಗೆ 20 ಮಿಲಿ ನೀರು ಹಾಕಿ. ಅದಕ್ಕೆ ಒಂದು ಹನಿ ಪೆನ್ನಿನ ನೀಲಿ ಇಂಕು ಬಿಡಿ, ಗೆರೆ ಚೆನ್ನಾಗಿ ಕಾಣುತ್ತದೆ. ಮೇಲೆ 80 ಮಿಲಿ ಪೆಟ್ರೋಲ್ ಸುರಿಯಿರಿ. ಉದ್ದನೆಯ ಸ್ಟೀಲ್ ಕಡ್ಡಿಯಿಂದ ಚೆನ್ನಾಗಿ ಕದಡಿ ಹತ್ತು ನಿಮಿಷ ಬಿಡಿ.

ಪೆಟ್ರೋಲಿನಲ್ಲಿದ್ದ ಎಥೆನಾಲ್ ಕೆಳಗಿಳಿದು ನೀರಿನ ಜೊತೆ ಸೇರಿಕೊಳ್ಳುತ್ತದೆ. ಬರೀ ಪೆಟ್ರೋಲ್ ಆಗಿದ್ದರೆ ನೀಲಿ ಗೆರೆ 20ರಲ್ಲೇ ನಿಲ್ಲುತ್ತಿತ್ತು. ಇ20 ಆದರೆ 80ರಲ್ಲಿ 16 ಮಿಲಿ ಎಥೆನಾಲ್, ಗೆರೆ 36ರ ಆಸುಪಾಸಿಗೆ ಏರುತ್ತದೆ. ಇ10 ಆದರೆ 28ರ ಹತ್ತಿರ. ನೀರೂ ಎಥೆನಾಲೂ ಬೆರೆತಾಗ ಗಾತ್ರ ಸ್ವಲ್ಪ ಕುಗ್ಗುತ್ತದೆ. ಅದಕ್ಕೇ ಒಂದೆರಡು ಮಿಲಿ ಕಡಿಮೆ ಕಂಡರೆ ಮೋಸ ಅಂದುಕೊಳ್ಳಬೇಡಿ.

ಈಗ ಪೈಪಿನ ಸರದಿ

ಹಳೆ ಗಾಡಿಗಳ ಪೈಪು, ಓ-ರಿಂಗು (ಲೀಕ್ ತಡೆಯುವ ರಬ್ಬರ್ ಬಳೆ) ಹೆಚ್ಚಾಗಿ ನೈಟ್ರೈಲ್ ರಬ್ಬರಿನವು. ಬರೀ ಪೆಟ್ರೋಲನ್ನು ಇದು ತಾಳಿಕೊಳ್ಳುತ್ತದೆ. ಎಥೆನಾಲ್ ಸೇರಿದರೆ ಜಾಸ್ತಿ ಊದಿಕೊಳ್ಳುತ್ತದೆ. ಫ್ಲೋರೊ ರಬ್ಬರ್ ಅಷ್ಟು ಊದುವುದಿಲ್ಲ, ಆದರೆ ಬೆಲೆ ಜಾಸ್ತಿ. ಲ್ಯಾಬಿನವರು ರಬ್ಬರ್ ತುಂಡನ್ನು ಬಿಸಿ ಇಂಧನದಲ್ಲಿ ದಿನಗಟ್ಟಲೆ ನೆನೆಸಿಡುತ್ತಾರೆ. ಆಮೇಲೆ ಗಾಳಿಯಲ್ಲೂ ನೀರಿನಲ್ಲೂ ತೂಗಿ ಗಾತ್ರ ಎಷ್ಟು ಹಿಗ್ಗಿತು ಅಂತ ಲೆಕ್ಕ ಹಾಕುತ್ತಾರೆ. ಸೂಜಿ ಒತ್ತಿ ಗಡಸುತನ, ಎಳೆದು ಬಲ ನೋಡುತ್ತಾರೆ. ನಮಗೆ ಸ್ಕೇಲು ಸಾಕು.

ನಿಮ್ಮ ಗಾಡಿಯ ಪೈಪಿನಿಂದ ಸರಿಯಾಗಿ 30 ಮಿಮೀ ಉದ್ದದ ಎರಡು ತುಂಡು ಕತ್ತರಿಸಿ. ಅಂಗಡಿಯಿಂದ ತಂದ ಹೊಸ ಪೈಪಿನಿಂದಲೂ ಎರಡು. ಜಾಮ್ ಬಾಟಲಿಯಂಥ ಎರಡು ಗಾಜಿನ ಬಾಟಲಿಗಳಲ್ಲಿ ನೀರು ತಾಕದ ಪೆಟ್ರೋಲ್ ಹಾಕಿ, ಹಳೆಯದರ ಒಂದು ತುಂಡು ಒಂದಕ್ಕೆ, ಹೊಸದರ ಒಂದು ತುಂಡು ಇನ್ನೊಂದಕ್ಕೆ ಮುಳುಗಿಸಿ ಮುಚ್ಚಳ ಬಿಗಿಯಿರಿ. ಮನೆಯ ಹೊರಗೆ, ನೆರಳಿನಲ್ಲಿ, ಹೆಸರು ಬರೆದು ಒಂದು ವಾರ ಇಡಿ. ಉಳಿದ ಎರಡು ತುಂಡು ಹೋಲಿಸಿ ನೋಡಲು ಹಾಗೇ ಒಣಗಿರಲಿ.

ವಾರದ ನಂತರ ತೆಗೆದು ಒರೆಸಿ, ಕೂಡಲೇ ಅಳೆಯಿರಿ. ತಡ ಮಾಡಿದರೆ ಕುಗ್ಗಲು ಶುರುವಾಗುತ್ತದೆ. 30 ಇದ್ದದ್ದು 33 ಆಗಿದ್ದರೆ ‘ಮೂರೇ ಮಿಮೀ ತಾನೇ’ ಅನ್ನಿಸಬಹುದು. ಆದರೆ ಅಗಲ, ದಪ್ಪವೂ ಅದೇ ಲೆಕ್ಕದಲ್ಲಿ ಬೆಳೆದಿದ್ದರೆ ಗಾತ್ರ 33% ಹಿಗ್ಗಿದ ಹಾಗಾಯಿತು. ಕ್ಲಿಪ್ಪಿನ ಕೆಳಗೆ ಅಂಥ ಪೈಪು ಮೆತ್ತಗಾಗಿ ಜಾರುತ್ತದೆ.

ಆಟ ಇಲ್ಲಿಗೇ ಮುಗಿಯಲಿಲ್ಲ. ಅದೇ ತುಂಡನ್ನು ಎರಡು ದಿನ ಗಾಳಿಗೆ ಒಣಗಿಸಿ. ರಬ್ಬರನ್ನು ಮೆದುವಾಗಿಡಲು ಬೆರೆಸಿದ ಎಣ್ಣೆಯಂಥ ಅಂಶವನ್ನು ಪೆಟ್ರೋಲ್ ಹೀರಿಕೊಂಡಿದ್ದರೆ, ತುಂಡು ಮೊದಲಿಗಿಂತ ಗಿಡ್ಡವಾಗುತ್ತದೆ, ಗಟ್ಟಿಯಾಗುತ್ತದೆ. ಎರಡು ಬೆರಳಲ್ಲಿ ಬಗ್ಗಿಸಿ ನೋಡಿ. ಕೂದಲೆಳೆಯಂಥ ಬಿರುಕು ಕಂಡರೆ ಆ ಪೈಪು ಬೇಡ. ನನ್ನ ಪ್ರಕಾರ ಈ ಎರಡನೇ ಪರೀಕ್ಷೆಯೇ ಮುಖ್ಯ. ದಿನಾ ಓಡುವ ಗಾಡಿಯ ಪೈಪು ಯಾವಾಗಲೂ ಒದ್ದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಪೈಪು ಊದಿ, ಒಣಗಿ, ಸೀಳುತ್ತದೆ. ಲೀಕ್ ಆಗುವುದು ಮತ್ತೆ ಪೆಟ್ರೋಲ್ ತುಂಬಿಸಿದ ದಿನ.

ಹೊಸದು ಕೊಳ್ಳುವಾಗ ಸುಮ್ನೆ ‘ಪೆಟ್ರೋಲ್ ಪೈಪ್ ಕೊಡಿ’ ಅನ್ನಬೇಡಿ, ಇ20ಗೆ ಆಗುವುದನ್ನೇ ಕೇಳಿ. ಪೈಪಿನ ಮೇಲೆ ಇಂಧನ ಪೈಪಿನ ಗುಣಮಟ್ಟದ ಗುರುತಾದ ‘ಎಸ್‌ಎಇ ಜೆ30 ಆರ್9’ (SAE J30 R9) ಅಂತ ಅಚ್ಚಾಗಿದ್ದರೆ ಒಳ್ಳೆಯದು. ಪೈಪು ಪಾಸಾಯಿತು ಅಂದ ಮಾತ್ರಕ್ಕೆ ಕಾರ್ಬೊರೇಟರಿನ ಓ-ರಿಂಗು, ಕಾಕಿನ ವಾಷರ್ ಪಾಸಾದ ಹಾಗಲ್ಲ. ಸರ್ವೀಸಿನ ಹೊತ್ತಿಗೆ ಅವನ್ನೂ ಬದಲಿಸಿಬಿಡಿ.

ನಿಂತ ಗಾಡಿ, ಮಳೆ ನೀರು

ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಟ್ಯಾಂಕ್ ಮುಚ್ಚಳದ ರಬ್ಬರ್ ಹೋಗಿದ್ದು, ಮಳೆ ನೀರು ಒಳಗೆ ಇಳಿದರೆ ಜಾಡಿಯಲ್ಲಿ ಕಂಡದ್ದೇ ಟ್ಯಾಂಕಿನಲ್ಲೂ ಆಗುತ್ತದೆ. ನೀರು, ಎಥೆನಾಲ್ ಕೆಳಗೆ, ಪೆಟ್ರೋಲ್ ಮೇಲೆ. ಕಾಕ್ ಇರುವುದು ತಳದಲ್ಲಿ, ಅಲ್ವಾ? ಇಂಜಿನ್ನಿಗೆ ಹೋಗುವುದೇ ಆ ನೀರು. ಕಬ್ಬಿಣದ ಟ್ಯಾಂಕ್ ತುಕ್ಕು ಹಿಡಿಯುವುದೂ ಅಲ್ಲಿಂದಲೇ. ತಿಂಗಳ ಮೇಲೆ ಗಾಡಿ ತೆಗೆಯುವುದಿಲ್ಲ ಅಂತಾದರೆ ಕಾಕ್ ಬಂದ್ ಮಾಡಿ, ಕಾರ್ಬೊರೇಟರ್ ಬಟ್ಟಲಿನ ಅಡಿಯ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಇಳಿಸಿಬಿಡಿ.

ಮೈಲೇಜ್ ದೂರೂ ಇದೆ. ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಳೆ ದ್ವಿಚಕ್ರ ವಾಹನಗಳಲ್ಲಿ 3ರಿಂದ 4% ಇಳಿಯಬಹುದು ಅಂತ 2021ರ ನೀತಿ ಆಯೋಗದ ವರದಿಯೇ ಹೇಳಿತ್ತು. 50 ಕೊಡುತ್ತಿದ್ದ ಗಾಡಿ 48 ಕೊಟ್ಟರೆ ಅದು ಎಥೆನಾಲಿನ ಪಾಲು. 35ಕ್ಕೆ ಬಿದ್ದರೆ ಏರ್ ಫಿಲ್ಟರ್, ಕ್ಲಚ್ ನೋಡಿಸಿ.

ಪರೀಕ್ಷೆ ಮುಗಿದ ಮೇಲೆ ಜಾಡಿಯಲ್ಲಿದ್ದುದನ್ನು ಟ್ಯಾಂಕಿಗೂ ಹಾಕಬೇಡಿ, ಮೋರಿಗೂ ಚೆಲ್ಲಬೇಡಿ. ಮುಚ್ಚಳ ಬಿಗಿದು ಗ್ಯಾರೇಜಿಗೆ ಕೊಟ್ಟುಬಿಡಿ. ಮೇಲಿನ ಪೆಟ್ರೋಲ್ ಬೇರೆ ಮಾಡಿ ಚೈನು, ಸ್ಪ್ರಾಕೆಟ್ ತೊಳೆಯಲು ಬಳಸಿಕೊಳ್ಳುತ್ತಾರೆ.